ಕಮಲಾಕರ ರಾಯರ ಗಜಪಾದ

ಕಮಲಾಕರ ರಾಯರು ಬೆಳಗಿನ ಪೇಪರನ್ನು ಮೊದಲು ತಲೆಕೆಳಗಾಗಿ ಹಿಡಿದೇ ನೋಡುತ್ತಿದ್ದರು. ಸ್ನಾನ ಮುಗಿಸಿ, ಹಚ್ಚಿಕೊಂಡ ಗೋಪಿಚಂದನ ಒಣಗುವ ಮೊದಲೇ ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹಾಗೇ ಮಗುಚುತ್ತಾ ಹೋಗುವರು. ಸುದ್ದಿಯ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ದೊಡ್ಡ ಅಕ್ಷರದ ಜಾಹೀರಾತು ಬಂದಲ್ಲಿ ನಿಲ್ಲುತ್ತಿತ್ತು. ಎಲ್ಲ ಮುಗಿದ ಮೇಲೆ ಪೇಪರನ್ನು ನೆಟ್ಟಗೆ ಮಾಡಿ, ಎಲ್ಲರ ಹಾಗೆ ಓದಲು ಶುರುಮಾಡುವರು. ಜ್ವರ ಬಂದ ದಿನವಾಗಲಿ, ತಾಯಿಯ ಶ್ರಾದ್ಧದ ದಿನವಾಗಲಿ ಇದು ತಪ್ಪಿದ್ದನ್ನು ನಾನು ನೋಡಿಲ್ಲ.

ನಾವು ವೆಸ್ಟ್ ಮಾಂಬಲದ ಆ ಮನೆಯ ಹಿಂದಿನ ಪೋರ್ಷನ್ನಿಗೆ ಬಾಡಿಗೆಗೆ ಬಂದ ಹೊಸದರಲ್ಲಿ ನನಗಿದು ವಿಚಿತ್ರವಾಗಿ ಕಂಡಿತ್ತು. ಅವರ ಹೆಂಡತಿ ಜಯಲಕ್ಷ್ಮಿಯವರನ್ನು ಕೇಳಿದೆ.

"ಅವರಿಗೆ ಓದೋಕೆ ಬರಲ್ಲ ರೀ, ಅದಕ್ಕೇ," ಎಂದು ಅವರು ನಕ್ಕರು.

ರಾಯರು ಪೇಪರಿನ ಹಿಂದಿನಿಂದಲೇ ಉತ್ತರ ಕೊಟ್ಟರು. "ನೆಟ್ಟಗೆ ಹಿಡಿದ್ರೆ ಕಣ್ಣು ಓದೋಕೆ ಓಡ್ಬಿಡತ್ತೆ ಅಮ್ಮಾ. ತಲೆಕೆಳಗು ಮಾಡಿದ್ರೆ ಓದೋಕಾಗಲ್ಲ. ಆಗ ಆಕಾರ ಮಾತ್ರ ಕಾಣ್ಸತ್ತೆ. ಎಲ್ಲಿ ಭಾರ ಜಾಸ್ತಿಯಾಯ್ತು, ಯಾವ ಅಕ್ಷರ ಕುಂಟ್ತಾ ಇದೆ, ಎಲ್ಲಾ."

ಅವರು ಓದಿ ಮುಗಿಸಿದ ಪೇಪರು ನನ್ನ ಕೈಗೆ ಬರುತ್ತಿತ್ತು. ಇಂಗ್ಲಿಷನ್ನು ನಾನು ಹಾಗೆಯೇ ಕೂಡಿಸಿ ಕೂಡಿಸಿ ಓದಲು ಕಲಿತದ್ದು. ಆಮೇಲೆ ಅದನ್ನೇ ಅಡುಗೆಮನೆಯ ಶೆಲ್ಫಿಗೆ ಹಾಸುತ್ತಿದ್ದೆ. ಈ ಕಥೆಗೆ ಆ ಶೆಲ್ಫು ಬೇಕಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು? ಆ ಶ್ರೀಹರಿಯೊಬ್ಬನಿಗೆ.

ರಾಯರು ತಿರುವಲ್ಲಿಕ್ಕೇಣಿಯಲ್ಲಿ ಹುಟ್ಟಿದವರು. ಅವರ ತಾತನ ಕಾಲಕ್ಕೇ ಮನೆತನ ಮದ್ರಾಸಿಗೆ ಬಂದಿತ್ತು. ಮೌಂಟ್ ರೋಡಿನ ಒಂದು ಜಾಹೀರಾತು ಕಚೇರಿಯಲ್ಲಿ ಕೈಯಿಂದ ಅಕ್ಷರ ಬರೆಯುವುದು ಅವರ ಕೆಲಸ. ಸಿಗರೇಟಿನ ಹೆಸರು, ಸೋಪಿನ ಹೆಸರು, ಟಾನಿಕ್ಕಿನ ಹೆಸರು. ಕಚೇರಿಗೆ ಕಂಪ್ಯೂಟರ್ ಬಂದ ಮೇಲೆ ಅವರ ಮೇಜು ಮೊದಲು ಕಿಟಕಿಯ ಹತ್ತಿರದಿಂದ ಮೂಲೆಗೆ ಹೋಯಿತು, ಆಮೇಲೆ ಮೆಟ್ಟಿಲ ಕೆಳಗೆ. ಯಾರೂ ಹೋಗಿ ಎನ್ನಲಿಲ್ಲ. ತಾವಾಗಿಯೇ ರಾಜೀನಾಮೆ ಕೊಟ್ಟು ಮನೆಗೆ ಬಂದರು. ತನ್ನನ್ನು ಹೊರಗೆ ಹಾಕಲು ಯಾರೋ ಒಳಗೊಳಗೇ ಹೂಡಿದ ಆಟ ಅದು ಎಂಬ ಸಂಶಯ ಮಾತ್ರ ಅವರಿಗೆ ಕೊನೆಯವರೆಗೂ ಹೋಗಲಿಲ್ಲ.

ತೊಂಬತ್ತೆಂಟರಲ್ಲಿ ಅಪ್ಪಾಜಿ ಅವರನ್ನು ಹುಡುಕಿಕೊಂಡು ಬಂದರು. ಅಪ್ಪಾಜಿ ನೇಯ್ಗೆಯ ಮನೆತನದವರು, ಸೇಲಂ ಕಡೆಯ ದೇವಾಂಗರು. ಮನೆಯಲ್ಲಿ ಕನ್ನಡ, ವ್ಯಾಪಾರದಲ್ಲಿ ತಮಿಳು. ಟಿ. ನಗರದ ಉಸ್ಮಾನ್ ರಸ್ತೆಯಲ್ಲಿ 'ವಸಂತಮಾಲಾ ಸಿಲ್ಕ್ಸ್' ಎಂದು ಅವರ ಸೀರೆ ಅಂಗಡಿ. ಎರಡು ದೊಡ್ಡ ಅಂಗಡಿಗಳ ನಡುವೆ ಸಿಕ್ಕಿಕೊಂಡದ್ದು.

"ಸಾರ್, ಬಸ್ಸಲ್ಲಿ ತೂಗಾಡ್ಕೊಂಡು ಹೋಗೋರಿಗೂ ನನ್ನ ಹೆಸರು ಕಾಣ್ಬೇಕು. ಎಡಗಡೆಯವನು ಲೈಟ್ ಹಾಕವನೆ, ಬಲಗಡೆಯವನು ಸಿನಿಮಾ ನಟಿ ಪಟ ಹಾಕವನೆ. ನನ್ನ ಹತ್ರ ಎರಡೂ ಇಲ್ಲೆ. ನೀವೇ ಏನಾದ್ರೂ ಮಾಡಿ."

ರಾಯರು ಎಷ್ಟೋ ಸಂಜೆ ಪನಗಲ್ ಪಾರ್ಕಿನ ಬಸ್ ಸ್ಟಾಪಿನಲ್ಲಿ ನಿಂತು, ಯಾವ ಬಸ್ಸನ್ನೂ ಹತ್ತದೆ, ಬೋರ್ಡುಗಳನ್ನು ನೋಡಿ ಬಂದರು. ಆಮೇಲೆ ಬರೆಯಲು ಕೂತರು. ಇಂಗ್ಲಿಷ್ ಅಕ್ಷರಗಳೇ, ಆದರೆ ಅಂಥವನ್ನು ನಾನು ನೋಡಿರಲಿಲ್ಲ. ಮೈಯೆಲ್ಲ ದಪ್ಪ. ಪ್ರತಿ ಅಕ್ಷರದ ಬುಡಕ್ಕೂ ತುದಿಗೂ ಇಟ್ಟಿಗೆಯಂತೆ ಚೌಕವಾದ ಪಾದ. ಕಂಬ ಎಷ್ಟು ದಪ್ಪವೋ ಪಾದವೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ತೆಳು ತುದಿಯ ಅಕ್ಷರ ದೂರದಿಂದ ಕರಗಿಹೋಗುತ್ತದೆ, ತಗಡಿನಲ್ಲಿ ಕತ್ತರಿಸಿ ನಿಲ್ಲಿಸಿದರೆ ಒಂದು ಬಿರುಗಾಳಿಗೆ ಮುರಿಯುತ್ತದೆ. ಇದು ನೆಲ ಕಚ್ಚಿ ನಿಲ್ಲುತ್ತದೆ ಎಂದು ರಾಯರು ಹೇಳಿದರು. ಕಷ್ಟವಿರುವುದು ಕಪ್ಪಿನಲ್ಲಲ್ಲ, ಒಳಗೆ ಉಳಿಯುವ ಬಿಳಿಯಲ್ಲಿ. ಇಷ್ಟು ದಪ್ಪ ಮಾಡಿದರೆ 'ಎ' ಅಕ್ಷರದ ಹೊಟ್ಟೆಯ ತ್ರಿಕೋನ ಮುಚ್ಚಿಹೋಗುತ್ತದೆ. ಅದನ್ನು ತೆರೆದಿಡಲು ಅವರು ಬಿಳಿ ಬಣ್ಣ, ಕಪ್ಪು ಶಾಯಿ ಎರಡನ್ನೂ ಇಟ್ಟುಕೊಂಡು ಎಷ್ಟು ಸಲ ತಿದ್ದಿದರೋ.

ಅದಕ್ಕೆ 'ಗಜಪಾದ' ಎಂದು ಹೆಸರಿಟ್ಟರು.

"ಆನೆಕಾಲು ಅನ್ನಿ," ಎಂದರು ಜಯಲಕ್ಷ್ಮಿ. "ಮಾಂಬಲದ ಸೊಳ್ಳೆ ಅಕ್ಷರಕ್ಕೂ ಕಚ್ಚಿದೆ."

ಮತ್ತೆ ಮತ್ತೆ ಬರುವುದನ್ನು ಬಿಟ್ಟರೆ ಬೋರ್ಡಿಗೆ ಬೇಕಾದದ್ದು ಹತ್ತೇ ಅಕ್ಷರ. ರಾಯರು ಬಿಡಲಿಲ್ಲ, ಇಪ್ಪತ್ತಾರನ್ನೂ ಬರೆದರು. ಒಂದೊಂದು ಅಕ್ಷರಕ್ಕೆ ಒಂದೊಂದು ದಪ್ಪ ರಟ್ಟು. ಅವನ್ನು ಕಂಪ್ಯೂಟರಿಗೆ ಹತ್ತಿಸಿದವನು ಸುಘೋಷ, ರಾಯರ ತಂಗಿ ಅಂಬುಜಾಳ ಮಗ. ಇಪ್ಪತ್ತೈದು ದಾಟಿದ ಹುಡುಗ; ಕೋಡಂಬಾಕ್ಕಂನ ಒಂದು ಗ್ರಾಫಿಕ್ಸ್ ಸ್ಟುಡಿಯೋದಲ್ಲಿ ಕೆಲಸ. ಅವನ ತಂದೆ ಹೋದ ಮೇಲೆ ಅಂಬುಜಾ ವಿಮಾ ಕಚೇರಿಯ ಕೆಲಸದಲ್ಲೇ ಅವನನ್ನು ಸಾಕಿ, ಅಂಬತ್ತೂರಿನಲ್ಲಿ ಸಣ್ಣ ಮನೆ ಮಾಡಿಕೊಂಡಿದ್ದರು. ಭಾನುವಾರಗಳಲ್ಲಿ ಅವನು ರಟ್ಟುಗಳನ್ನು ಒಯ್ದು ಸ್ಕ್ಯಾನ್ ಮಾಡಿ, ಅಂಚುಗಳನ್ನು ತಿದ್ದಿ, ಪ್ರಿಂಟ್ ತಂದು ತೋರಿಸುತ್ತಿದ್ದ.

"ಮಾಮಾ, ಎಸ್‌ಗೆ ಕಾಲು ಬೇಕಾ? ಅದು ಹಾವಲ್ವಾ?"

"ಹಾವಾದ್ರೇನು, ಉಸ್ಮಾನ್ ರೋಡಲ್ಲಿ ನಡೀಬೇಕಾದ್ರೆ ಅದಕ್ಕೂ ಕಾಲು ಬೇಕು ಕಣೋ."

ಆ ಭಾನುವಾರಗಳಲ್ಲಿ ರಾಯರ ಸ್ವರವೇ ಬೇರೆಯಾಗಿರುತ್ತಿತ್ತು. ತಮ್ಮ ವಿದ್ಯೆ ಮೆಟ್ಟಿಲ ಕೆಳಗೆ ಸಾಯಲಿಲ್ಲ ಎಂಬ ಸಮಾಧಾನ ಅದು.

ಬೋರ್ಡು ಎದ್ದಿತು. ಬಸ್ಸಿನಿಂದ ಕಂಡಿತು. ಅಪ್ಪಾಜಿ ಒಂದೇ ಮಾತು ಕೇಳಿದರು: ಈ ಅಕ್ಷರ ಬೇರೆ ಜವಳಿ ಅಂಗಡಿಗೆ ಹೋಗಬಾರದು. ರಾಯರು ಮಠದಲ್ಲಿ ಬೃಂದಾವನದ ಎದುರು ನಿಂತು ಮಾತು ಕೊಟ್ಟರು. ಪೂರ್ತಿ ಅಕ್ಷರಮಾಲೆ ಇದ್ದದ್ದು ಎರಡೇ ಕಡೆ, ರಾಯರ ಬೀರುವಿನಲ್ಲಿ ಮತ್ತು ಸುಘೋಷನ ಕಂಪ್ಯೂಟರಿನಲ್ಲಿ.

ಆಮೇಲೆ ಅಪ್ಪಾಜಿ ಅದೇ ಹೆಸರನ್ನು ಹಳದಿ ಬಟ್ಟೆಯ ಕೈಚೀಲಗಳ ಮೇಲೂ ಅಚ್ಚು ಹಾಕಿಸಿದರು. ಚೆನ್ನೈನಲ್ಲಿ ಮಂಜಪೈ ಎನ್ನುವ ಚೀಲ. ಸೀರೆ ಕೊಂಡವರಿಗೆಲ್ಲ ಒಂದು. ಮೊದಲ ಚೀಲ ನೋಡಿದ ದಿನ ರಾಯರು ಊಟ ಮಾಡಲಿಲ್ಲ. ಬಟ್ಟೆಯ ಮೇಲೆ ಶಾಯಿ ಹರಡಿ, 'ಎ'ಯ ಹೊಟ್ಟೆ ಎಳ್ಳಿನಷ್ಟಾಗಿತ್ತು. "ನನ್ನ ಅಕ್ಷರಕ್ಕೆ ಉಸಿರು ಕಟ್ಟಿಸಿದ್ದಾನೆ," ಎಂದು ಅಚ್ಚಿನವನಿಗೆ ಬೈದರು. ಆಮೇಲೆ ಆ ಚೀಲವನ್ನು ಮನೆಯೊಳಗೆ ತರಬೇಡ ಎಂದು ಹೆಂಡತಿಗೆ ಹೇಳಿಬಿಟ್ಟರು. ಹಾಗಾಗಿ ಅವರ ಪಾಲಿನ ಚೀಲವೂ ನನಗೇ ಬಂತು.

ತೊಂಬತ್ತೊಂಬತ್ತರ ಆಡಿ ತಿಂಗಳು, ತಮಿಳರ ಆಷಾಢ. ಮಳಿಗೆಗಳೆಲ್ಲ ರಿಯಾಯಿತಿ ಮಾರಾಟ ಹಾಕುವ ಕಾಲ. ಬೆಳಗ್ಗೆ ರಾಯರು ಎಂದಿನಂತೆ ಪೇಪರು ಮಗುಚುತ್ತಿದ್ದವರು ಒಮ್ಮೆಗೇ ನಿಂತರು. ಅರ್ಧ ಪುಟದ ಜಾಹೀರಾತು. ತಲೆಕೆಳಗಾದ ದಪ್ಪ ಪಾದಗಳು. ಅವರ 'ಎ', ಅವರ 'ಎಸ್', ಅವರ 'ಎಲ್'. ಪೇಪರನ್ನು ಗಕ್ಕನೆ ನೆಟ್ಟಗೆ ಮಾಡಿ ಓದಿದರು: 'ಗ್ರ್ಯಾಂಡ್ ಆಡಿ ಸೇಲ್'. ಪಾಂಡಿ ಬಜಾರಿನ ಇನ್ನೊಂದು ಸೀರೆ ಅಂಗಡಿಯದು.

ಜಯಲಕ್ಷ್ಮಿ ಕಾಫಿ ತಂದಿಟ್ಟರೂ ಅವರು ಮುಟ್ಟಲಿಲ್ಲ. ಬೆರಳು ಮಡಿಚುತ್ತಾ ಹೇಳಿದರು: "ಬೋರ್ಡಲ್ಲಿರೋದು ಹತ್ತೇ ಅಕ್ಷರ. ಬೋರ್ಡ್ ನೋಡಿ ಕದ್ದಿದ್ರೆ ಜಿ ಎಲ್ಲಿಂದ ಬಂತು? ಆರ್ ಎಲ್ಲಿಂದ ಬಂತು? ಡಿ, ಇ? ಇವು ಬೋರ್ಡಲ್ಲೇ ಇಲ್ಲ. ಪೂರ್ತಿ ಇಟ್ಕೊಂಡೋನೇ ಕೊಟ್ಟಿದಾನೆ."

"ಪೂರ್ತಿ ಇರೋದು ನಿಮ್ಮ ಹತ್ರ..."

"ನಾನು ಕೊಟ್ಟಿಲ್ಲ."

ಜಯಲಕ್ಷ್ಮಿಗೆ ಉಳಿದ ಹೆಸರು ಬಾಯಿಗೆ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ.

ಅಷ್ಟರಲ್ಲಿ ಅಪ್ಪಾಜಿಯ ಫೋನು ಬಂತು. ಆ ಕಡೆಯ ಕೂಗು ವರಾಂಡದಲ್ಲಿದ್ದ ನನಗೂ ಕೇಳಿಸಿತು. "ದೇವರ ಮುಂದೆ ಮಾತು ಕೊಟ್ರಲ್ಲಾ ಸಾರ್! ಇದು ನಂಬಿಕೆ ದ್ರೋಹ!" ರಾಯರು ಅದನ್ನೆಲ್ಲ ಕೇಳಿಸಿಕೊಂಡು, ತಣ್ಣಗೆ ಹೇಳಿದರು: "ನಾನಲ್ಲ. ನನ್ನ ತಂಗಿ ಮಗ."

ಆ ಮಾತು ಅಪ್ಪಾಜಿಯಿಂದ ಸ್ಟುಡಿಯೋದ ಯಜಮಾನ ರಘುರಾಮನಿಗೆ ಹೋಯಿತು. ಗಿರಾಕಿಗಳ ಕೆಲಸ ಹೊರಗೆ ಮಾರುವವನು ಎಂದ ಮೇಲೆ ಯಾವ ಸ್ಟುಡಿಯೋ ಇಟ್ಟುಕೊಳ್ಳುತ್ತದೆ? ಸುಘೋಷನಿಗೆ ಕಂಪ್ಯೂಟರಿನ ಕೆಲಸ ಕೊಡುವುದು ನಿಂತಿತು. ಆಮೇಲೆ ಅವನೇ ಬಿಟ್ಟ.

ಅದಕ್ಕೆ ಮೊದಲು ಒಂದು ಸಲ ಅವನು ಬಂದಿದ್ದ. ಹೊಸ ಬೈಕನ್ನು ಗೇಟಿನ ಹೊರಗೆ ನಿಲ್ಲಿಸಿ, ವರಾಂಡದ ಗ್ರಿಲ್ ಹಿಡಿದು ನಿಂತ. ರಾಯರು ಬೀಗ ತೆಗೆಯಲಿಲ್ಲ. ಅವರ ಕಣ್ಣು ಬೈಕಿನ ಮೇಲಿತ್ತು.

"ಚೆನ್ನಾಗಿದೆ. ಯಾರು ಕೊಡ್ಸಿದ್ದು?"

"ಅಮ್ಮ ಮಾಮಾ. ನಿಮಗೆ ಹೇಳಿದ್ನಲ್ಲಾ."

"ಹೇಳಿದ್ದೆ, ಹೇಳಿದ್ದೆ. ಏನೇನೋ ಹೇಳಿದ್ದೆ."

"ಮಾಮಾ, ಪೇಪರನ್ನ ಒಂದ್ಸಲ ಎದುರಿಗಿಟ್ಕೊಂಡು ಸರಿಯಾಗಿ ನೋಡಿ. ಆ ಆರ್ ನೋಡಿ. ಅದು..."

"ನೀನು ನನಗೆ ಅಕ್ಷರ ತೋರಿಸ್ತೀಯಾ?"

ಸುಘೋಷ ಗ್ರಿಲ್ಲಿನಿಂದ ಕೈ ತೆಗೆದ. "ಸರಿ ಮಾಮಾ," ಎಂದು ತಮಿಳಿನಲ್ಲಿ ಏನೋ ಗೊಣಗಿ ಹೋದ. ಬೈಕನ್ನು ಗೇಟಿನಿಂದ ತಿರುವಿನವರೆಗೆ ತಳ್ಳಿಕೊಂಡೇ ಹೋದ, ಸ್ಟಾರ್ಟ್ ಮಾಡಲಿಲ್ಲ. ಅದಕ್ಕೂ ರಾಯರಿಗೆ ಸಂಶಯ. "ನೋಡಿದ್ಯಾ, ಸದ್ದಿಲ್ಲದೆ ಹೋಗ್ತಾನೆ," ಎಂದರು ಹೆಂಡತಿಗೆ.

ಆಮೇಲಿನ ತಿಂಗಳುಗಳಲ್ಲಿ ಆ ಮನೆ ಮನೆಯಾಗಿರಲಿಲ್ಲ. ಬೀರುವಿನ ಬೀಗ ಬದಲಾಯಿತು. ರಟ್ಟುಗಳು ಬೀರುವಿನಿಂದ ದೇವರ ಪೆಟ್ಟಿಗೆಯ ಕೆಳಗೆ ಹೋದವು. ಅಲ್ಲಿಂದ ಹಾಸಿಗೆಯ ಕೆಳಗೆ. ಹಾಲಿನವನು ಒಳಗೆ ಕಣ್ಣು ಹಾಯಿಸಿದರೆ ಯಾಕೆ ನೋಡಿದ ಎಂದು ವಿಚಾರಣೆ. ಸುಘೋಷ ಹಿಂದೆ ಒಮ್ಮೆ 'ಕೆ' ರಟ್ಟನ್ನು ಮತ್ತೆ ಕೇಳಿ ಒಯ್ದಿದ್ದ, ಅದೂ ಈಗ ಸಾಕ್ಷಿ. ಪ್ರಿಂಟ್ ತಂದಾಗ ಒಂದು ಹಾಳೆ ಮಡಿಚಿ ಜೇಬಿಗಿಟ್ಟಿದ್ದ, ಅದೂ ಸಾಕ್ಷಿ. ಒಂದು ದಿನ ನನ್ನನ್ನೂ ಕೇಳಿದರು.

"ಅಮ್ಮಾ, ನಾನು ಕೊಡೋ ಪೇಪರು ಆಮೇಲೆ ಯಾರ ಕೈಗೆ ಹೋಗತ್ತೆ?"

"ತೊಗರಿಬೇಳೆ ಡಬ್ಬದ ಕೆಳಗೆ ಹೋಗತ್ತೆ ರಾಯರೇ."

ಅವರು ನಗಲಿಲ್ಲ. ನಾನು ನಿಜ ಹೇಳುತ್ತಿದ್ದೇನೆಯೇ ಎಂದು ಮುಖ ನೋಡಿದರು.

ಜಯಲಕ್ಷ್ಮಿ ನನ್ನ ಅಡುಗೆಮನೆಗೆ ಬಂದು ಹೂ ಕಟ್ಟುತ್ತಾ ಕೂರುತ್ತಿದ್ದರು. "ಮಗು ಥರ ನಮ್ಮನೇಲಿ ಓಡಾಡ್ಕೊಂಡಿದ್ದ. ಈಗ ಮಠದಲ್ಲಿ ಕಂಡ್ರೆ ಕಂಬದ ಹಿಂದೆ ಸರೀತಾನೆ. ಅಂಬತ್ತೂರಲ್ಲಿ ಯಾವುದೋ ರಟ್ಟಿನ ಪೆಟ್ಟಿಗೆ ಕಾರ್ಖಾನೇಲಿ ಶಿಫ್ಟ್ ಕೆಲ್ಸವಂತೆ. ಅಂಬುಜಾ ಫೋನ್ ಮಾಡಿದ್ರೆ ಇವ್ರು ಇಟ್ಬಿಡ್ತಾರೆ." ಮಠದಲ್ಲಿ ಜನ ಸುಘೋಷನ ಬೈಕನ್ನು ನೋಡುವ ರೀತಿ ಬದಲಾಗಿತ್ತು. ಯಾರೂ ಕಳ್ಳ ಎನ್ನಲಿಲ್ಲ. ಪಂಕ್ತಿಯಲ್ಲಿ ಅವನ ಪಕ್ಕದ ಎಲೆ ಮಾತ್ರ ಖಾಲಿ ಉಳಿಯುತ್ತಿತ್ತು.

ಜನವರಿ ಬಂತು. ಸಂಕ್ರಾಂತಿಯ ಹಿಂದಿನ ದಿನ ಭೋಗಿ. ಹಳೆಯದನ್ನೆಲ್ಲ ಮನೆಯಿಂದ ಹೊರಗೆ ಹಾಕುವುದು ಈ ಊರಿನ ಪದ್ಧತಿ. ಬೆಳಗಾಗುವ ಮೊದಲೇ ಬೀದಿಯಲ್ಲಿ ಬೆಂಕಿ, ಹೊಗೆ, ಮಕ್ಕಳ ತಮಟೆ. ನಾನು ಶೆಲ್ಫಿನ ಹಳೆ ಪೇಪರುಗಳನ್ನೆಲ್ಲ ಕಿತ್ತು, ಒಂದು ಹಳೆ ಮಂಜಪೈಗೆ ತುರುಕಿ, ಹಿಡಿಸದೆ ಉಳಿದದ್ದನ್ನು ವರಾಂಡದಲ್ಲಿ ಗುಡ್ಡೆ ಹಾಕಿದೆ. ಒಂದು ಹಾಳೆಯ ಒಂದು ಬದಿ ಎಣ್ಣೆ ಡಬ್ಬದ ಜಿಡ್ಡು ಹೀರಿ ಕಪ್ಪಾಗಿ ಹೋಗಿತ್ತು.

ರಾಯರು ಅಂದಿನ ಪೇಪರಿಗೆಂದು ಹೊರಗೆ ಬಂದವರು ಗುಡ್ಡೆಯ ಮುಂದೆ ನಿಂತರು. ಹಾಳೆ ಅವರ ಕಡೆಗೆ ತಲೆಕೆಳಗಾಗಿ ಬಿದ್ದಿತ್ತು. ಜಿಡ್ಡಿನಲ್ಲಿ ಹೆಚ್ಚಿನದು ಮುಚ್ಚಿಹೋಗಿ ಎರಡು ಅಕ್ಷರ ಮಾತ್ರ ಚೊಕ್ಕವಾಗಿ ಉಳಿದಿದ್ದವು.

"ಈ ಕುಂಟ ಅಕ್ಷರ ಬರೆದೋನು ಯಾರು?" ಎಂದರು ತಮಗೆ ತಾವೇ. ಬಗ್ಗಿ ಎತ್ತಿಕೊಂಡರು. "ಈ ಆರ್‌ಗೆ ಕಾಲೇ ಇಲ್ಲ. ಜಿಗೆ ಎಲ್ಲಿಂದಲೋ ತಂದು ಒಂದು ಪಾದ ಅಂಟಿಸಿದಾನೆ..." ಹಾಳೆಯನ್ನು ನೆಟ್ಟಗೆ ಮಾಡಿದರು. 'ಗ್ರ್ಯಾಂಡ್ ಆಡಿ ಸೇಲ್.'

ನಾನು ಪೊರಕೆ ಹಿಡಿದು ಹಾಗೇ ನಿಂತೆ. ರಾಯರು ಒಳಗೆ ಹೋಗಿ ಹಾಸಿಗೆಯ ಕೆಳಗಿನ ರಟ್ಟುಗಳನ್ನು ತಂದು ನೆಲದ ಮೇಲೆ ಹರಡಿದರು. ತಮ್ಮ 'ಆರ್' ಪಕ್ಕದಲ್ಲಿ ಪೇಪರಿನ 'ಆರ್'. ತಮ್ಮ 'ಜಿ' ಪಕ್ಕದಲ್ಲಿ ಪೇಪರಿನ 'ಜಿ'. 'ಡಿ', 'ಇ' ಜಿಡ್ಡಿನೊಳಗಿದ್ದವು. ಬೆಳಕಿಗೆ ಹಿಡಿದು ನೋಡಿದರು. ನಾಲ್ಕೂ ಅವರವಲ್ಲ. ಬೋರ್ಡಿನಲ್ಲಿ ಇಲ್ಲದ ಆ ನಾಲ್ಕನ್ನೇ ಯಾರೋ ಅಂದಾಜಿನಲ್ಲಿ ಬರೆದು ಸೇರಿಸಿದ್ದರು. ಪೂರ್ತಿ ಅಕ್ಷರಮಾಲೆ ಕೈಯಲ್ಲಿದ್ದವನಿಗೆ ಆ ಕಷ್ಟ ಯಾಕೆ?

ಜಯಲಕ್ಷ್ಮಿ ಹಿಂದೆ ಬಂದು ನಿಂತಿದ್ದರು. ಎಲ್ಲ ಕೇಳಿ, "ಅವನು ಅವತ್ತು ಅದನ್ನೇ ಅಲ್ವಾ ಹೇಳಿದ್ದು? ಆರ್ ನೋಡಿ ಅಂತ?" ಎಂದರು.

ರಾಯರು ಸೋಲಲಿಲ್ಲ. ಸಂಶಯ ಅಷ್ಟು ಬೇಗ ಮನೆ ಬಿಡುತ್ತದೆಯೇ? "ಬೇಕಂತಲೇ ನಾಲ್ಕನ್ನ ಕೆಡಿಸಿ ಕೊಟ್ಟಿರಬಹುದು. ನನ್ನ ಕಣ್ಣು ತಪ್ಪಿಸೋಕೆ."

"ಹಾಗಾದ್ರೆ ಎ ಅಕ್ಷರಾನೂ ಕೆಡಿಸ್ಬೇಕಿತ್ತಲ್ಲಾ?"

ಅವರು ಹಾಳೆಯನ್ನು ಮತ್ತೆ ಬೆಳಕಿಗೆ ಹಿಡಿದು, ಜಿಡ್ಡಿನೊಳಗಿನ 'ಎ'ಯ ಮೇಲೆ ಬೆರಳಿಟ್ಟರು. ಅದರ ಹೊಟ್ಟೆ ಎಳ್ಳಿನಷ್ಟಿತ್ತು. ರಟ್ಟಿನ ಮೇಲಿದ್ದದ್ದು ಹಾಗಲ್ಲ. ಸುಘೋಷ ತಂದ ಪ್ರಿಂಟಿನಲ್ಲೂ ಹಾಗಲ್ಲ. ಬೋರ್ಡಿನಲ್ಲೂ ಅಲ್ಲ. ಅವರು ತಲೆಯೆತ್ತಿ ಸುತ್ತ ನೋಡಿದರು. ನಾನು ಪೇಪರು ತುರುಕಿದ್ದ ಮಂಜಪೈ ಕಂಬಕ್ಕೆ ಒರಗಿ ಕೂತಿತ್ತು.

ಅದರೊಳಗಿದ್ದದ್ದನ್ನೆಲ್ಲ ಸುರಿದು, ಚೀಲವನ್ನು ಮಂಡಿಯ ಮೇಲೆ ಹಾಸಿ ಪೇಪರನ್ನು ಪಕ್ಕಕ್ಕಿಟ್ಟರು. ಅದೇ ಉಸಿರು ಕಟ್ಟಿದ 'ಎ'. ಊರಿನ ಅರ್ಧ ಹೆಂಗಸರ ಕೈಯಲ್ಲಿ ತರಕಾರಿ ಹೊತ್ತು ತಿರುಗುವ ಚೀಲ. ಅದನ್ನು ನೋಡಿ ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು, ಯಾರೋ ತೆಗೆದುಕೊಂಡಿದ್ದರು.

"ನೆಟ್ಟಗೆ ಮಾಡಿ ಓದ್ಬಿಟ್ಟೆ," ಎಂದರು ರಾಯರು. "ಅವತ್ತು ನೋಡ್ಲಿಲ್ಲ. ಓದ್ಬಿಟ್ಟೆ."

ಬೀದಿಯಲ್ಲಿ ಮಕ್ಕಳು ತಮಟೆ ಬಡಿಯುತ್ತಿದ್ದರು.

ಅದೇ ದಿನ ಅವರು ಚೀಲ, ಪೇಪರು ಎರಡನ್ನೂ ಹಿಡಿದು ಟಿ. ನಗರಕ್ಕೆ ಹೋದರು, ಜಯಲಕ್ಷ್ಮಿಯೂ ಬಿಡದೆ ಜೊತೆಗೆ ಹೋದರು. ಹಬ್ಬದ ನೂಕುನುಗ್ಗಲಿನಲ್ಲಿ ಅಪ್ಪಾಜಿ ಕ್ಯಾಶ್ ಮೇಜು ಬಿಟ್ಟೇಳಲಿಲ್ಲ. ಚೀಲ ನೋಡಿ ಮೊದಲು ನಕ್ಕರಂತೆ. "ಅಡಡಾ, ನಮ್ಮ ಮಂಜಪೈಯೇನಾ ಕಳ್ಳ!" ಆಮೇಲೆ ನಗು ನಿಂತಿತು. ಅವರಿಗೂ ನೆನಪಾಗಿರಬೇಕು, ಯಾರ ಮೇಲೆ ಕೂಗಿದ್ದು, ಯಾರಿಗೆ ಫೋನ್ ಮಾಡಿದ್ದು ಎಂದು. ಅಲ್ಲಿಯ ಫೋನಿನಿಂದಲೇ ರಾಯರು ರಘುರಾಮನಿಗೆ ಮಾತಾಡಿದರು. ಸುತ್ತ ಸೀರೆ ಬಿಚ್ಚುವವರು, ಚೌಕಾಸಿ ಮಾಡುವವರು. ಆ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು, ಗಟ್ಟಿಯಾಗಿ, "ತಪ್ಪು ನಂದು. ಹುಡುಗ ಕೊಟ್ಟಿಲ್ಲ. ನಾನು ಸುಳ್ಳು ಹೇಳಿದೆ ಅಂತ್ಲೇ ಬರ್ಕೊಳಿ," ಎಂದರಂತೆ. ರಘುರಾಮ ನೋಡೋಣ ಎಂದನಂತೆ, ಅಷ್ಟೇ. ಅವನ ದನಿಯಲ್ಲಿ ಈಗ ಇವರ ಮೇಲೆಯೇ ಸಂಶಯವಿತ್ತು ಎಂದು ಜಯಲಕ್ಷ್ಮಿ ಹೇಳಿದರು: ತಂಗಿಯ ಮಗನನ್ನು ಉಳಿಸಲು ಮುದುಕ ಕಥೆ ಕಟ್ಟುತ್ತಿದ್ದಾನೋ ಏನೋ ಎಂದು.

ಮರುದಿನ ಸಂಕ್ರಾಂತಿ. ಹುಗ್ಗಿಯ ಡಬ್ಬಿ ಹಿಡಿದು ಇಬ್ಬರೂ ಅಂಬತ್ತೂರಿನ ಬಸ್ಸು ಹತ್ತಿದರು. ಅಲ್ಲಿ ನಡೆದದ್ದನ್ನು ಜಯಲಕ್ಷ್ಮಿ ನನಗೆ ಒಂದೇ ಸಲ ಹೇಳಿದರು, ನಾನು ಮತ್ತೆ ಕೇಳಲಿಲ್ಲ.

ಬಾಗಿಲು ತೆರೆದ ಅಂಬುಜಾ ಅಣ್ಣನನ್ನು ನೋಡಿ ಒಂದು ಗಳಿಗೆ ಅಡ್ಡ ನಿಂತರು. ಏನೋ ಹೊಸ ಆರೋಪ ತಂದಿದ್ದಾನೆ ಎಂದೇ ಅವರು ತಿಳಿದದ್ದು. ಕಣ್ಣು ಕೈಯಲ್ಲಿದ್ದ ಚೀಲದ ಮೇಲಿತ್ತು.

"ಇದರಲ್ಲೇನಿದೆ?"

"ಏನಿಲ್ಲ. ಖಾಲಿ," ಎಂದರು ರಾಯರು.

ಒಳಗೆ ಕೂತು ಎಲ್ಲ ಹೇಳಿದರು. ಅಂಬುಜಾ ಸೆರಗಿನಿಂದ ಚೀಲದ ಅಕ್ಷರವನ್ನು ಉಜ್ಜಿ ಉಜ್ಜಿ ನೋಡಿದರು, ಶಾಯಿ ಬರುತ್ತದೇನೋ ಎಂಬಂತೆ. ಸುಘೋಷ ಬೆಳಗಿನ ಶಿಫ್ಟಿಗೆ ಹೋಗಿದ್ದ, ಹಬ್ಬಕ್ಕೂ ರಜೆಯಿರಲಿಲ್ಲ.

ಅಂಬುಜಾ ಎದ್ದು ಅಣ್ಣನಿಗೆ ನೀರು ಕೊಟ್ಟು, ಮೆಲ್ಲಗೆ ಹೇಳಿದರು: "ಅಣ್ಣಾ, ನೀನು ಅವನ ಎದುರಿಗೆ ಇದನ್ನೆಲ್ಲಾ ಹೇಳೋದು ಬೇಡ. ಅವನ ಬಾಯಿ ಈಗ ಮೊದಲಿನ ಹಾಗಿಲ್ಲ. ಏನಾದ್ರೂ ಅಂದ್ಬಿಟ್ಟಾನು, ನಿನಗೆ ತಡಿಯಕ್ಕಾಗಲ್ಲ. ನೀನು, ಅತ್ತಿಗೆ ಊಟ ಮಾಡ್ಕೊಂಡು ಹೊರಡಿ. ಅವನು ಬಂದ್ಮೇಲೆ ನಾನು ಹೇಳ್ತೀನಿ. ಆ ಅಂಗಡಿಯವ್ರೇ ಏನೋ ತಪ್ಪು ತಿಳ್ಕೊಂಡು ನಿನ್ನ ತಲೆ ಕೆಡಿಸಿದ್ರು ಅಂತೀನಿ. ನಿನ್ನ ಹೆಸರು ಬರಲ್ಲ. ಮುಂದಿನ ಗುರುವಾರ ಮಠಕ್ಕೆ ಬನ್ನಿ, ಏನೂ ಆಗ್ಲಿಲ್ಲ ಅನ್ನೋ ಥರ ಇದ್ಬಿಡೋಣ."

ಜಯಲಕ್ಷ್ಮಿಗೆ ಅದೇ ಸರಿ ಎನಿಸಿತಂತೆ. ಗಂಡನ ಕಡೆ ನೋಡಿ ತಲೆಯಾಡಿಸಿದರಂತೆ, ಒಪ್ಪಿಕೊಳ್ಳಿ ಎಂದು.

ರಾಯರು ನೀರಿನ ಲೋಟವನ್ನು ಕೆಳಗಿಟ್ಟರು. ಕುರ್ಚಿಯನ್ನು ಎಳೆದು ಬಾಗಿಲಿಗೆ ಎದುರಾಗಿ ಹಾಕಿಕೊಂಡು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಬೇಡ ಅಂಬು," ಎಂದರು. "ಅವನು ಬರ್ಲಿ."